ಸಂಬಳ ಇಲ್ಲದ ಇಂಟರ್ನ್‌ಶಿಪ್‌: ಸೇರುವ ಮುಂಚೆ ಬರೆಸಿಕೊಳ್ಳಿ

ಇಂಟರ್ನ್‌ಶಿಪ್ ಫೈಲುಗಳಿಗೆ ಸಹಿ ಹಾಕುವುದು ಕಾಲೇಜಿನಲ್ಲಿ ನನ್ನ ಪಾಲಿನ ಕೆಲಸ. ಪ್ರತಿ ಮಳೆಗಾಲದಲ್ಲೂ ಇಬ್ಬರಾದರೂ ಮುಖ ಸಣ್ಣ ಮಾಡಿಕೊಂಡು ಬಂದು ನಿಲ್ಲುತ್ತಾರೆ. ಉಡುಪಿಯಿಂದ ಮಂಗಳೂರಿಗೆ ಎರಡು ತಿಂಗಳು ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನೇತಾಡಿ ಹೋಗಿರುತ್ತಾರೆ. ಕೊನೆಯ ದಿನ ಸರ್ಟಿಫಿಕೇಟ್ ಕೇಳಿದರೆ "ಇನ್ನೊಂದು ತಿಂಗಳು ಬನ್ನಿ, ನೋಡುವ" ಎಂಬ ಉತ್ತರ. ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲ.

ಎಷ್ಟು ವಾರ, ಎಂಥ ವರದಿ ಬೇಕೆಂದು ಮೊದಲು ಕಾಲೇಜಿನಲ್ಲಿ ಕೇಳಿ, ಆಮೇಲೆ ಕಂಪನಿ ಹುಡುಕಿ. ನಿಮ್ಮಿಂದಲೇ ಫೀಸು ಕೇಳುವವರ ಮೆಟ್ಟಿಲು ಹತ್ತಬೇಡಿ. ಅದು ಸರ್ಟಿಫಿಕೇಟ್ ಅಂಗಡಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಒಪ್ಪಿದ್ದನ್ನು ಬರೆದ ಲೆಟರ್ ಕೇಳಿದರೆ ಕಂಪನಿಯ ಸರ್ ಏನೆಂದುಕೊಳ್ಳುತ್ತಾರೋ ಎಂಬ ದಾಕ್ಷಿಣ್ಯ. ಕೇಳುವುದೇ ಬೇಡ ಮಾರಾಯ್ರೆ, ಮಾತಾಡಿ ಬಂದ ಸಂಜೆಯೇ ನೀವೇ ಇಮೇಲ್ ಹಾಕಿ: "ಸರ್, ಇವತ್ತು ಮಾತಾಡಿದ ಪ್ರಕಾರ ಜೂನ್ 2ರಿಂದ ಜುಲೈ 26ರವರೆಗೆ, ಬೆಳಿಗ್ಗೆ 9.30ರಿಂದ ಸಂಜೆ 4.30ರ ತನಕ ಬರುತ್ತೇನೆ. ಸ್ಟೈಪೆಂಡ್ ಇಲ್ಲ, ಬಸ್ ಖರ್ಚು ಕೊಡುತ್ತೇನೆ ಎಂದಿದ್ದೀರಿ. ಕೊನೆಯ ದಿನ ಸರ್ಟಿಫಿಕೇಟ್. ತಪ್ಪಿದ್ದರೆ ತಿಳಿಸಿ." ಕೆಲಸ ಕಲಿಸುವವರ ಹೆಸರೂ ಇರಲಿ. ಅವರು "ಓಕೆ" ಎಂದರೆ ಅದೇ ದಾಖಲೆ. ಕಾಲೇಜಿನ ಸಂಯೋಜಕರಿಗೂ ಒಂದು ಪ್ರತಿ ಹೋಗಲಿ. ಆ ಹೆಸರು ಕಂಡ ಕೂಡಲೇ ಎಷ್ಟೋ ಮಂದಿಯ ದನಿ ಮೆತ್ತಗಾದದ್ದನ್ನು ನೋಡಿದ್ದೇನೆ. ವಾಟ್ಸಾಪ್ ಬೇಡ, ಫೋನ್ ಬದಲಾದರೆ ಅದೂ ಹೋಯಿತು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಮಾದರಿ ಪತ್ರಗಳಂತೂ ವಕೀಲರ ನೋಟಿಸಿನ ಹಾಗಿರುತ್ತವೆ, ಮುಟ್ಟಬೇಡಿ.

ಮೂಲ ಅಂಕಪಟ್ಟಿ ಯಾರಿಗೂ ಕೊಡಬೇಡಿ, ಝೆರಾಕ್ಸ್ ಸಾಕು.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ದುಡ್ಡು ಉಂಟಲ್ಲ ಎಂದು ಕೆಲವರು ಕೇಳುತ್ತಾರೆ. 2024ರಲ್ಲಿ ಶುರುವಾದಾಗ ತಿಂಗಳಿಗೆ 5,000 ರೂಪಾಯಿ ಇತ್ತು, ಆದರೆ ಪೂರ್ಣಾವಧಿ ಓದುವವರಿಗೆ ಇರಲಿಲ್ಲ. ಈಗಿನ ನಿಯಮ ನೋಡಿಯೇ ಅರ್ಜಿ ಹಾಕಿ.

ಸೇರಿದ ಮೇಲೆ ದಿನಾ ಎರಡು ಸಾಲು ಡೈರಿ ಬರೆಯಿರಿ. ಚಾ ತರುವುದು, ಝೆರಾಕ್ಸ್ ಮಾಡಿಸುವುದರಲ್ಲೇ ವಾರ ಕಳೆದರೆ ಎರಡನೇ ವಾರದಲ್ಲೇ ಸಂಯೋಜಕರಿಗೆ ಹೇಳಿ. ಏಳನೇ ವಾರದಲ್ಲಿ ಬಂದು ಅತ್ತರೆ ನಾನೂ ಏನು ಮಾಡಲಿ?

ಹುಡುಗಿಯರು ತಿಳಿದಿರಬೇಕಾದ್ದು: ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಸಂಬಳ ಇಲ್ಲದವರೂ ತರಬೇತಿಗೆ ಬಂದವರೂ ಸೇರುತ್ತಾರೆ. 10 ಅಥವಾ ಹೆಚ್ಚು ಜನ ಇರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಸಣ್ಣ ಕಚೇರಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಸರ್ಟಿಫಿಕೇಟ್ ಕೈಗೆ ಬಂದಾಗ ಹೆಸರಿನ ಅಕ್ಷರ, ತಾರೀಕು, ಸೀಲು ಸರಿ ಉಂಟೇ ಎಂದು ಅಲ್ಲೇ ನಿಂತು ನೋಡಿ. ಬಸ್ಸು ಸುರತ್ಕಲ್ ದಾಟಿದ ಮೇಲೆ ತಪ್ಪು ಕಂಡರೆ, ತಿದ್ದಿಸಲು ಮತ್ತೆ ಮೂರು ಸಲ ಓಡಾಡಬೇಕು.