ತೇಝೆಯಿಂದ ಬಂದ ಮೇಲೆ ಮೊದಲು ತೋಟಕ್ಕೆ

ಕೆಲವು ದಿನ ಪ್ರಾರ್ಥನೆಗೆಂದು ದೂರ ಹೋಗಿರುವ ರಿಟ್ರೀಟ್ ಮುಗಿಸಿ ಬಂದ ಪಾಸ್ಟರನ್ನು ಚರ್ಚಿನ ಸಭೆಯವರು ಕೇಳುವುದು ಒಂದೇ ಮಾತು: "ಹೇಗಿತ್ತು?" ಆ ಭಾನುವಾರವೇ ಪ್ರಸಂಗದಲ್ಲಿ ಎಲ್ಲವನ್ನೂ ಹೇಳಲಿ ಅಂತ ಅವರಿಗೆ ಆಸೆ. ನಾನು ಹೇಳುವುದಿಲ್ಲ. ಬಂದ ಮಾರನೇ ದಿನ ಗಮ್‌ಬೂಟು ಹಾಕಿಕೊಂಡು ಪಾರ್ಸನೇಜಿನ, ಅಂದರೆ ಪಾಸ್ಟರ್ ಮನೆಯ, ಹಿಂದಿನ ತೋಟಕ್ಕೆ ಇಳಿಯುತ್ತೇನೆ. ಯಾಕೆ ಹೀಗೆ ಅಂತ ಊರಿನ ಪಾಸ್ಟರ್ ಗೆಳೆಯರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಡಗಿನ ಕಡೆಯವನು. ಈಗ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಒಂದು ಹಳ್ಳಿ ಸಭೆಯಲ್ಲಿ ಸೇವೆ ಮಾಡುತ್ತಿದ್ದೇನೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಶುರು ಮಾಡಿದ ಮಿಷನರಿ ಹರ್ಮನ್ ಮೊಗ್ಲಿಂಗ್ ಇದೇ ಸೀಮೆಯವರು. ನಮ್ಮ ಕೊಡಗಿನ ಆನಂದಪುರದಲ್ಲೂ ದುಡಿದು, ಕೊನೆಗೆ 1881ರಲ್ಲಿ ಇಲ್ಲಿನ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಅವರ ಊರಿನ ಮಣ್ಣಲ್ಲಿ ನಾನು ಬೆಳ್ಳುಳ್ಳಿ ನೆಡುತ್ತಿದ್ದೇನೆ ಅನ್ನುವುದು ನನಗೆ ಸಣ್ಣ ವಿಷಯವಲ್ಲ.

ಅಕ್ಟೋಬರ್ ಮೊದಲ ಭಾನುವಾರ ಇಲ್ಲಿ ಬೆಳೆ ಹಬ್ಬ. ಕುಂಬಳ, ಸೇಬು, ಗೋಧಿ ತೆನೆ, ದೊಡ್ಡ ಬ್ರೆಡ್ಡು, ಎಲ್ಲವನ್ನೂ ವೇದಿಕೆಯ ಮುಂದೆ ಜೋಡಿಸುತ್ತಾರೆ. ನಮ್ಮೂರಿನ ಹಾಗೆ ಏಲಂ ಇಲ್ಲ, ಅದೆಲ್ಲ ಬಡವರ ಮನೆಗೆ ಹೋಗುತ್ತದೆ. ಆ ಹಬ್ಬ ಮುಗಿದ ಮೇಲೆ ಸಭೆಯ ಕೆಲವರ ಜೊತೆ ಫ್ರಾನ್ಸಿನ ತೇಝೆಗೆ ಹೊರಡುತ್ತೇನೆ.

ತೇಝೆ ಬರ್ಗಂಡಿ ಸೀಮೆಯ ಪುಟ್ಟ ಹಳ್ಳಿ, ಅಲ್ಲೊಂದು ಕ್ರೈಸ್ತ ಸನ್ಯಾಸಿಗಳ ಸಮುದಾಯವಿದೆ. 1940ರಲ್ಲಿ ಅದನ್ನು ಶುರು ಮಾಡಿದ ಬ್ರದರ್ ರೋಜರ್ ಅಲ್ಲಿಗೆ ಬಂದು ಮನೆ ಮಾಡಿದರು. ಯುದ್ಧದ ದಿನಗಳಲ್ಲಿ ಓಡಿ ಬಂದವರನ್ನು, ಅವರಲ್ಲೂ ಯೆಹೂದ್ಯರನ್ನು, ಬಚ್ಚಿಟ್ಟು ಕಾಪಾಡಿದರು. ಈಗಿರುವ ಸಮಾಧಾನದ ದೇವಾಲಯ 1962ರದು. ಅದನ್ನು ಕಟ್ಟಿಕೊಟ್ಟವರು ಯುದ್ಧದ ಪಾಪಕ್ಕೆ ಪರಿಹಾರವಾಗಿ ಕೆಲಸ ಮಾಡಲು ಹೊರಟ ಜರ್ಮನ್ ಯುವಕರು. ನನ್ನ ಜೊತೆ ಬರುವ ಹಿರಿಯರು ಆ ಬಾಗಿಲಲ್ಲಿ ಒಂದು ಗಳಿಗೆ ನಿಂತೇ ಒಳಗೆ ಹೋಗುತ್ತಾರೆ.

ಅಲ್ಲಿ ದಿನಕ್ಕೆ ಮೂರು ಸಲ ಪ್ರಾರ್ಥನೆ. ಗಂಟೆ ಬಾರಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಬೇಕು. ಎರಡೇ ಸಾಲಿನ ಹಾಡನ್ನು ಮತ್ತೆ ಮತ್ತೆ ಹಾಡುತ್ತಾರೆ, ನಡುವೆ ಉದ್ದನೆಯ ಮೌನ. ಪ್ರಸಂಗ ಅಂತ ಇಲ್ಲ. ಪಾತ್ರೆ ತೊಳೆಯುವುದು, ಕಕ್ಕಸು ತೊಳೆಯುವುದು ಬಂದವರ ಪಾಲಿಗೇ. ವಾರವಿಡೀ ಹೀಗಿದ್ದರೆ ಒಳಗೆ ಏನೋ ಸಡಿಲವಾಗುತ್ತದೆ. ಅದನ್ನು ತಂದು ಮಾರನೇ ದಿನವೇ ಮೈಕಿನ ಮುಂದೆ ಹರಡಿದರೆ ಅದು ಬರೀ ಸುದ್ದಿಯಾಗಿಬಿಡುತ್ತದೆ. ಹಾಗಾಗಿ ನಾನು ಮೊದಲು ಕೈಗೆ ಕೆಲಸ ಕೊಡುತ್ತೇನೆ.

ಮೊದಲ ಕೆಲಸ ಬೆಳ್ಳುಳ್ಳಿ. ಎಸಳು ಬಿಡಿಸಿ, ಚೂಪು ತುದಿ ಮೇಲೆ ಬರುವ ಹಾಗೆ ಐದು ಸೆಂಟಿಮೀಟರ್ ಆಳಕ್ಕೆ ಊರಬೇಕು. ಚಳಿ ತಗಲಿದರೇನೇ ಒಂದು ಎಸಳು ಗೆಡ್ಡೆ ಕಟ್ಟಿ ಹಲವು ಎಸಳಾಗುವುದು. ಜುಲೈಗೆ ಕೀಳಬಹುದು. ಟ್ಯೂಲಿಪ್ ಗೆಡ್ಡೆಗೂ ಚಳಿ ಬೇಕೇ ಬೇಕು, ಹತ್ತಿಪ್ಪತ್ತು ದಿನದ್ದಲ್ಲ, ಮೂರು ತಿಂಗಳಷ್ಟು. ಗೆಡ್ಡೆಯ ಎತ್ತರದ ಮೂರು ಪಟ್ಟು ಆಳಕ್ಕೆ ಇಡುತ್ತೇನೆ. ನಮ್ಮ ತೋಟದಲ್ಲಿ ನೆಲದಿಲಿಗಳ ಕಾಟ ಜಾಸ್ತಿ, ಅದಕ್ಕೇ ತಂತಿ ಬುಟ್ಟಿಯೊಳಗೆ ನೆಡುವುದು. ನಾರ್ಸಿಸಸ್ ಹೂವಿನ ಗೆಡ್ಡೆ ವಿಷ, ಅದನ್ನು ಇಲಿ ಮುಟ್ಟುವುದಿಲ್ಲ.

ನನಗೆ ತುಂಬ ಇಷ್ಟದ ಕೆಲಸ ಡೇರೆ (ಡೇಲಿಯಾ) ಗೆಡ್ಡೆ ಎತ್ತಿಡುವುದು. ಕೊಡಗು, ಮಲೆನಾಡಿನವರಿಗೆ ಡೇರೆ ಹೂವಿನ ಹುಚ್ಚು ಎಷ್ಟು ಅಂತ ಹೇಳಬೇಕಾಗಿಲ್ಲ, ಅಲ್ವಾ? ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ನೆಟ್ಟು ಮಳೆಯಲ್ಲಿ ಹೂ ನೋಡುತ್ತೇವೆ. ಇಲ್ಲಿ ಬೇಸಿಗೆಯಿಂದ ಅಕ್ಟೋಬರ್‌ವರೆಗೂ ಹೂವು. ಆಮೇಲೆ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಬೆಳಿಗ್ಗೆಗೆ ಗಿಡವೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತು ಬಿದ್ದಿರುತ್ತದೆ. ಆಗ ದಂಟನ್ನು ಒಂದು ಗೇಣಿಗಿಂತ ಕಮ್ಮಿ ಉಳಿಸಿ ಕತ್ತರಿಸುತ್ತೇನೆ. ಗಿಡದಿಂದ ದೂರದಲ್ಲಿ ಸುತ್ತಲೂ ಫೋರ್ಕ್ ಹಾಕಿ ನಿಧಾನಕ್ಕೆ ಎತ್ತಬೇಕು. ಗೆಡ್ಡೆಯ ಕತ್ತು ಮುರಿಯಬಾರದು. ಮೊಳಕೆಯ ಕಣ್ಣು ಇರುವುದು ದಂಟು ಸೇರುವ ಆ ಕತ್ತಿನಲ್ಲೇ. ಗೆಡ್ಡೆ ಎಷ್ಟೇ ದಪ್ಪಗಿರಲಿ, ಕತ್ತು ಹೋದರೆ ಚಿಗುರುವುದಿಲ್ಲ. ಮಣ್ಣು ಕೊಡವಿ ದಂಟು ಕೆಳಗಾಗಿ ಒಂದೆರಡು ದಿನ ಇಡುತ್ತೇನೆ, ಟೊಳ್ಳಿನ ನೀರೆಲ್ಲ ಇಳಿಯಬೇಕು. ಆಮೇಲೆ ಒಣ ಮರಳು ತುಂಬಿದ ಪೆಟ್ಟಿಗೆಯಲ್ಲಿ ನೆಲಮಾಳಿಗೆಗೆ. ಮರಳಲ್ಲಿ ಇಡುವುದನ್ನು ಅಮ್ಮನಿಂದ ಕಲಿತೆ.

ಮಧ್ಯಾಹ್ನ ನಮ್ಮ ಚರ್ಚಿನ ಗಂಟೆ ಬಾರಿಸುತ್ತದೆ. ಆಗ ಸಲಿಕೆ ಕೆಳಗಿಟ್ಟು, ಒಂದು ಕೀರ್ತನೆ ಹೇಳಿ, ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತೇನೆ. ತೇಝೆಯ ಮೂರು ಹೊತ್ತಿನಲ್ಲಿ ಮನೆಯಲ್ಲಿ ಹಿಡಿದಿಡಲು ಕಷ್ಟವಾಗುವುದು ಈ ನಡುಹೊತ್ತೇ. ಬೆಳಿಗ್ಗೆ, ಸಂಜೆ ಹೇಗೋ ಆಗುತ್ತದೆ. ಮಧ್ಯಾಹ್ನ ಫೋನು, ಮೀಟಿಂಗು. ಕೈಗೆ ಮಣ್ಣು ಮೆತ್ತಿಕೊಂಡಿರುವಾಗ ಫೋನು ಎತ್ತಲು ಆಗುವುದಿಲ್ಲ, ಅದು ದೊಡ್ಡ ಉಪಕಾರ.

ನವೆಂಬರ್‌ನಲ್ಲಿ ಕೆಲಸ ಸಮಾಧಿ ನೆಲಕ್ಕೆ ಸಾಗುತ್ತದೆ. ಇಲ್ಲಿ ಒಂದೊಂದು ಸಮಾಧಿಯೂ ಒಂದು ಪುಟ್ಟ ತೋಟ. ಕ್ರಿಸ್‌ಮಸ್‌ಗೆ ಸಿದ್ಧವಾಗುವ ಅಡ್ವೆಂಟ್ ಕಾಲಕ್ಕೆ ಮುಂಚಿನ ಭಾನುವಾರ ಆ ವರ್ಷ ತೀರಿಕೊಂಡವರ ಹೆಸರು ಓದಿ, ಒಬ್ಬೊಬ್ಬರಿಗೂ ಮೇಣದ ಬತ್ತಿ ಹಚ್ಚುತ್ತೇವೆ. ಅಷ್ಟರೊಳಗೆ ಮನೆಯವರು ಬಾಡಿದ ಗಿಡ ಕಿತ್ತು, ಚಳಿ ತಡೆಯುವ ಗಿಡ ನೆಟ್ಟು, ಮೇಲೆ ಫರ್ ಮರದ ಕೊಂಬೆ ಹೊದಿಸುತ್ತಾರೆ. ನಾನೂ ಹೋಗಿ ಜೊತೆಗೆ ಮಂಡಿಯೂರಿ ಮಣ್ಣು ಕೆದಕುತ್ತೇನೆ. ಗಂಡನನ್ನು ಕಳೆದುಕೊಂಡ ಅಜ್ಜಿಯೊಬ್ಬರು ಮನೆಗೆ ಹೋದಾಗ ಕಾಫಿ ಕೊಟ್ಟು ಹವಾಮಾನದ ಮಾತಾಡಿ ಕಳಿಸುತ್ತಿದ್ದರು. ಸಮಾಧಿಯ ಬಳಿ ಕೊಂಬೆ ಜೋಡಿಸುತ್ತಾ ನನ್ನ ಮುಖ ನೋಡದೆ, "ಹೆರ್ ಫಾರರ್ (ಪಾಸ್ಟರೇ), ನಾನು ಅವರ ಹಾಸಿಗೆ ಇನ್ನೂ ಮಡಚಿಲ್ಲ" ಅಂದರು. ನಾನು ಏನೂ ಹೇಳಲಿಲ್ಲ. ಇನ್ನೊಂದು ಕೊಂಬೆ ಎತ್ತಿ ಕೊಟ್ಟೆ. ಆಮೇಲೆ ಅವರು ತುಂಬ ಹೊತ್ತು ಮಾತಾಡಿದರು. ತೇಝೆಯ ಮೌನ ನನಗೆ ಕಲಿಸಿದ್ದು ಇಷ್ಟು. ಇದನ್ನು ಪ್ರಸಂಗದಲ್ಲಿ ಹೇಳಿ ಮುಗಿಸಲು ನನಗೆ ಬರುವುದಿಲ್ಲ.

ಪ್ರಸಂಗ ಮಾಡುವುದೇ ಇಲ್ಲ ಅಂತಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಬೈಬಲಿನ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದುಕೊಳ್ಳುತ್ತೇನೆ. ಬೀಜ ಹಾಕಿದವನು ರಾತ್ರಿ ಮಲಗಿ ಬೆಳಿಗ್ಗೆ ಏಳುತ್ತಾನೆ, ಅದು ಹೇಗೆ ಬೆಳೆಯಿತೋ ಅವನಿಗೇ ಗೊತ್ತಿಲ್ಲ. ಆಗ ತೇಝೆಯ ಮಾತು ತಾನಾಗಿ ಬರುತ್ತದೆ, ಸಾಮಾನ್ಯವಾಗಿ ಎರಡು ಮೂರು ವಾಕ್ಯದಲ್ಲಿ.

ಯಾತ್ರೆಗೆ ಗುಂಪು ಕರೆದುಕೊಂಡು ಹೋಗುವ ಪಾಸ್ಟರುಗಳಿಗೆ ಒಂದು ಮಾತು. ಬಂದ ಮುಂದಿನ ಶನಿವಾರ ಎಲ್ಲರೂ ತಮ್ಮ ಅನುಭವ ಹೇಳುವ ಸಾಕ್ಷಿ ಕೂಟ ಇಡಬೇಡಿ. ಎಲ್ಲರನ್ನೂ ಚರ್ಚಿನ ಅಂಗಳ ಗುಡಿಸಲು ಕರೆಯಿರಿ. ನಾವು ಎಲೆಗಳನ್ನು ಬೇಲಿ ಪಕ್ಕ ರಾಶಿ ಹಾಕಿ ಹಾಗೇ ಬಿಡುತ್ತೇವೆ, ಹೆಜ್‌ಹಾಗ್ ಅನ್ನುವ ಪುಟ್ಟ ಮುಳ್ಳಿನ ಪ್ರಾಣಿಗಳು ಚಳಿಗಾಲವೆಲ್ಲ ಅದರೊಳಗೆ ಮಲಗುತ್ತವೆ. ವಾಲ್‌ನಟ್ ಎಲೆ ಕೊಳೆಯಲು ತಡ, ಅದನ್ನು ಬೇರೆ ಹಾಕಿ. ಊರಿನಲ್ಲಾದರೆ ಮಳೆ ನಿಂತ ಮೇಲಿನ ಕಳೆ ಇದ್ದೇ ಇರುತ್ತದೆ. ನಡುವೆ ಒಂದು ಹಾಡು, ಆಮೇಲೆ ಟೀ. ಕೈಗವಸು ತರಲು ಮೊದಲೇ ಹೇಳಿಬಿಡಿ.