ಡೆಬಿಯನ್ 12ರಲ್ಲಿ ಬ್ರಾಡ್‌ಕಾಮ್ ವೈಫೈ: ಡ್ರೈವರ್ ಹಾಕಿದರಷ್ಟೇ ಸಾಲದು

ಬ್ರಾಡ್‌ಕಾಮ್ ವೈಫೈ ಕಾರ್ಡಿರುವ ನನ್ನ ಮಷೀನಿಗೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದ ಮೇಲೆ ನೆಟ್‌ವರ್ಕ್ ಮೆನುವಿನಲ್ಲಿ ವೈಫೈ ಅನ್ನುವ ಸಾಲೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಕಾರ್ಡಿನ ಹೆಸರಿಗಿಂತ ಐಡಿ ಮುಖ್ಯ. ಮಷೀನಿನೊಳಗಿನ ಕಾರ್ಡುಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡಿಗೆ ಎನ್‌ಎನ್‌ಕೆ ಆಯ್ಕೆ ಕೊಟ್ಟು ನೋಡಿದೆ: 14ಇ4:4365, ಅಂದರೆ ಬಿಸಿಎಂ43142. ಇದು 14ಇ4:4315 ಆಗಿದ್ದರೆ ಬಿ43 ಎಂಬ ಮುಕ್ತ ಡ್ರೈವರಿಗೆ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್) ಸೇರಿಸಿದರೆ ಮುಗಿಯುತ್ತಿತ್ತು. 4365ಕ್ಕೆ ಬಿ43 ಆಗುವುದಿಲ್ಲ, ಬ್ರಾಡ್‌ಕಾಮ್ ಕಂಪನಿಯದೇ ಆದ, ಮುಕ್ತವಲ್ಲದ ಡಬ್ಲ್ಯೂಎಲ್ ಡ್ರೈವರೇ ಬೇಕು. ಐಡಿ ನೋಡದೆ ಎಲ್ಲೆಲ್ಲಿಯದೋ ಕಮಾಂಡುಗಳನ್ನು ಅಂಟಿಸುತ್ತ ಹೋದರೆ ಎರಡೂ ಡ್ರೈವರುಗಳು ಒಂದೇ ಕಾರ್ಡಿಗೆ ಜಗಳವಾಡುತ್ತವೆ.

ಇಂಟರ್ನೆಟ್ಟಿಗೆ ಆಂಡ್ರಾಯ್ಡ್ ಫೋನನ್ನು ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿಕೊಂಡೆ. ಆಮೇಲೆ ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಯಲ್ಲಿ ನಾನ್-ಫ್ರೀ (ಮುಕ್ತವಲ್ಲದ ಸಾಫ್ಟ್‌ವೇರಿನ ವಿಭಾಗ) ಸೇರಿಸಬೇಕು. ಡೆಬಿಯನ್ 12ರಿಂದ ನಾನ್-ಫ್ರೀ-ಫರ್ಮ್‌ವೇರ್ ಎಂಬ ಬೇರೆ ವಿಭಾಗವಿದೆ. ಅದೊಂದನ್ನೇ ಸೇರಿಸಿ ಪ್ಯಾಕೇಜ್ ಸಿಗಲಿಲ್ಲ ಎಂದು ಕೂರುವವರು ಬಹಳ. ನಮಗೆ ಬೇಕಾದದ್ದು ಹಳೆಯ ನಾನ್-ಫ್ರೀಯಲ್ಲೇ ಇದೆ.

ಪ್ಯಾಕೇಜ್ ಹಾಕುವ ಮುಂಚೆ ಸಿಸ್ಟಮ್ ಪೂರ್ತಿ ಅಪ್‌ಗ್ರೇಡ್ ಮಾಡಿ ರೀಬೂಟ್ ಮಾಡಿ. ಈ ಡ್ರೈವರ್ ನಿಮ್ಮ ಮಷೀನಿನಲ್ಲೇ ಕಂಪೈಲ್ ಆಗುತ್ತದೆ. ಓಡುತ್ತಿರುವ ಕರ್ನೆಲ್ (ಸಿಸ್ಟಮ್ಮಿನ ತಿರುಳು) ಹಳೆಯದು, ಬರುವ ಹೆಡರ್ (ಕಂಪೈಲಿಗೆ ಬೇಕಾದ ಕರ್ನೆಲ್ ಫೈಲುಗಳು) ಹೊಸದು ಆಗಿಬಿಟ್ಟರೆ, ಕಂಪೈಲ್ ಆದ ಡ್ರೈವರ್ ಮಾಡ್ಯೂಲ್ ಓಡುತ್ತಿರುವ ಕರ್ನೆಲ್ಲಿಗೆ ಸಿಗದು. ರೀಬೂಟ್ ಆದ ಮೇಲೆ ಲಿನಕ್ಸ್-ಹೆಡರ್ಸ್-ಎಎಂಡಿ64, ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್ ಎರಡನ್ನೂ ಒಟ್ಟಿಗೇ ಹಾಕಿ. ಹೆಡರಿನ ಹೆಸರಿನಲ್ಲಿ ಕರ್ನೆಲ್ ಸಂಖ್ಯೆ ಸೇರಿಸಬೇಡಿ. ಸೇರಿಸಿದರೆ ಮುಂದಿನ ಕರ್ನೆಲ್ ಅಪ್‌ಡೇಟಿನಲ್ಲಿ ಹೆಡರ್ ಬರದೆ ವೈಫೈ ಸದ್ದಿಲ್ಲದೆ ಮಾಯವಾಗುತ್ತದೆ.

ಡ್ರೈವರನ್ನು ಕಂಪೈಲ್ ಮಾಡಿಕೊಡುವ ಡಿಕೆಎಂಎಸ್‌ನ ಸ್ಟೇಟಸ್ 'ಇನ್‌ಸ್ಟಾಲ್ಡ್' ಎಂದರೂ ನನಗೆ ವೈಫೈ ಬರಲಿಲ್ಲ. ಮಾಡ್‌ಪ್ರೋಬ್ ಕಮಾಂಡಿನಿಂದ ಡಬ್ಲ್ಯೂಎಲ್ ಲೋಡ್ ಮಾಡಿದಾಗ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದಿತು. ಇದು ನಂಬಿಕೆಯ ಸಹಿಯಿಲ್ಲದ ಕೋಡನ್ನು ಓಡಲು ಬಿಡದ ಸೆಕ್ಯೂರ್ ಬೂಟಿನ ತಡೆ, ಡ್ರೈವರಿನಲ್ಲಿ ದೋಷವೇನಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಸುಲಭ, ಆದರೆ ನಾನು ಆಫ್ ಮಾಡಲಿಲ್ಲ. ಡಿಕೆಎಂಎಸ್ ತಾನೇ ಸಹಿ ಹಾಕಲು ಒಂದು ಕೀ ಮಾಡಿಟ್ಟಿರುತ್ತದೆ: ವಾರ್ ಫೋಲ್ಡರಿನ ಲಿಬ್ ಒಳಗೆ, ಡಿಕೆಎಂಎಸ್‌ನಲ್ಲಿ, ಎಂಒಕೆ.ಪಬ್ ಎಂಬ ಫೈಲು. ಸೆಕ್ಯೂರ್ ಬೂಟಿಗೆ ಇಂಥ ಕೀ ಒಪ್ಪಿಸುವ ಮೋಕ್‌ಯುಟಿಲ್ ಇಂಪೋರ್ಟ್ ಕಮಾಂಡಿಗೆ ಅದನ್ನು ಕೊಟ್ಟು, ತಾತ್ಕಾಲಿಕ ಪಾಸ್‌ವರ್ಡ್ ಹಾಕಿ ರೀಬೂಟ್ ಮಾಡಿದೆ. ನೀಲಿ ಪರದೆ ಬಂದ ಕೂಡಲೇ ಕೀಬೋರ್ಡಿನ ಒಂದು ಕೀ ಒತ್ತಬೇಕು. ಕೆಲವೇ ಸೆಕೆಂಡಿನ ಅವಕಾಶ, ತಪ್ಪಿದರೆ ಇಂಪೋರ್ಟ್ ಮೊದಲಿನಿಂದ. 'ಎನ್‌ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್, ರೀಬೂಟ್. ಅಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟಿನದು, ಹಾಗಾಗಿ ಪಾಸ್‌ವರ್ಡಿನಲ್ಲಿ ವಿಚಿತ್ರ ಚಿಹ್ನೆಗಳು ಬೇಡ.

ಇಷ್ಟಾದರೂ ಸಂಪರ್ಕ ಬರದಿದ್ದರೆ ವೈಫೈ ಆಫ್ ಆಗಿದೆಯೇ ಎಂದು ಆರ್‌ಎಫ್‌ಕಿಲ್ ಕಮಾಂಡಿನ ಪಟ್ಟಿಯಲ್ಲಿ ನೋಡಿ. 'ಸಾಫ್ಟ್ ಬ್ಲಾಕ್' ಆಗಿದ್ದರೆ ಅನ್‌ಬ್ಲಾಕ್ ಕಮಾಂಡ್ ಸಾಕು. 'ಹಾರ್ಡ್ ಬ್ಲಾಕ್' ಆದರೆ ಲ್ಯಾಪ್‌ಟಾಪಿನ ಸ್ವಿಚ್ಚೋ ಫಂಕ್ಷನ್ ಕೀಯೋ ಒತ್ತಬೇಕು. ರೂಟರಿನ 5 ಗಿಗಾಹರ್ಟ್ಸ್ ಹೆಸರು ಮಾತ್ರ ಕಾಣುತ್ತಿಲ್ಲವೇ? ಹುಡುಕಬೇಡಿ, ಈ ಚಿಪ್ 2.4ರಲ್ಲಷ್ಟೇ ಕೆಲಸ ಮಾಡುತ್ತದೆ.

ಈ ಉಸಾಬರಿಯೇ ಬೇಡವೆನ್ನುವವರು ಕರ್ನೆಲ್ಲಿನಲ್ಲೇ ಡ್ರೈವರ್ ಇರುವ ಇಂಟೆಲ್ 7260 ವೈಫೈ ಕಾರ್ಡ್ ಹಾಕಿಕೊಳ್ಳಬಹುದು. ಕೊಳ್ಳುವ ಮುಂಚೆ ಸ್ಲಾಟ್ ಮಿನಿ ಪಿಸಿಐಇಯೋ ಎಂ.2ವೋ ನೋಡಿ, ಎರಡಕ್ಕೂ ಆಂಟೆನಾ ಕನೆಕ್ಟರಿನ ಗಾತ್ರ ಬೇರೆ. ಕೆಲವು ಲ್ಯಾಪ್‌ಟಾಪುಗಳ ಬಯೋಸ್ ಬೇರೆ ಕಾರ್ಡನ್ನು ಒಪ್ಪುವುದೂ ಇಲ್ಲ.