ಪೂರಕ ಕೋನಗಳಿಗೆ ಒಂದೇ ಅಕ್ಷರ ಸಾಕಾದದ್ದು

ಏಳನೆಯ ತರಗತಿಗೆ ಗಣಿತ ಹೇಳಿಕೊಡಲು ತೊಡಗಿದ ಹೊಸತರಲ್ಲಿ, ಪೂರಕ ಕೋನಗಳ ಮೊತ್ತ 90°, ಪರಿಪೂರಕ ಕೋನಗಳ ಮೊತ್ತ 180° ಎಂಬುದು ಮಕ್ಕಳಿಗೆ ಬಾಯಿಪಾಠವಾದರೆ ನನ್ನ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ. 28°ಯ ಪೂರಕ ಕೋನವೆಷ್ಟೆಂದು ಕೇಳಿದರೆ ಇಡೀ ತರಗತಿ 62° ಎಂದು ಕೂಗುತ್ತಿತ್ತು. ಆದರೆ ‘ಒಂದು ಕೋನವು ತನ್ನ ಪೂರಕ ಕೋನದ ಎರಡರಷ್ಟಕ್ಕಿಂತ 15° ಕಡಿಮೆ ಇದೆ, ಎರಡನ್ನೂ ಕಂಡುಹಿಡಿಯಿರಿ’ ಎಂದೊಡನೆ ಅದೇ ತರಗತಿ ಅಂದಾಜಿಗೆ ಇಳಿಯುತ್ತಿತ್ತು.

ಒಂದು ದಿನ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು, ಮಡಿಕೆಯ ಗೆರೆ ಸರಿಯಾಗಿ ಮೂಲೆಯಿಂದಲೇ ಹೊರಡುವಂತೆ ಮಡಿಸಿ, ಬಿಚ್ಚಿ ತೋರಿಸಿದೆ. ಗೆರೆ ಎತ್ತ ವಾಲಿದರೂ ಒಂದು ಭಾಗ ಹಿಗ್ಗಿದಷ್ಟೇ ಇನ್ನೊಂದು ಕುಗ್ಗುವುದರಿಂದ, ಒಂದಕ್ಕೆ ‘ಕ’ ಎಂದು ಹೆಸರಿಟ್ಟರೆ ಮತ್ತೊಂದು ತಾನಾಗಿ 90 − ಕ ಆಗುತ್ತದೆ, ಎರಡನೆಯ ಅಕ್ಷರ ಬೇಕಾಗುವುದಿಲ್ಲ. ಯಾವುದಕ್ಕೆ ‘ಕ’ ಎನ್ನಬೇಕೆಂಬ ಗೊಂದಲಕ್ಕೆ ನಾನು ಕಂಡುಕೊಂಡ ದಾರಿಯೆಂದರೆ, ಯಾವ ಕೋನಕ್ಕೆ ಹೋಲಿಸಿ ಹೇಳಿದ್ದಾರೋ ಅದನ್ನೇ ‘ಕ’ ಎನ್ನುವುದು. ಮೇಲಿನ ಲೆಕ್ಕದಲ್ಲಿ ಪೂರಕ ಕೋನ ಕ, ಮೂಲ ಕೋನ 2ಕ − 15; ಕೂಡಿದರೆ 3ಕ − 15 = 90, ಅಂದರೆ ಕ = 35, ಇನ್ನೊಂದು 55. ‘ಎರಡರಷ್ಟಕ್ಕಿಂತ 15 ಕಡಿಮೆ’ ಎಂಬ ಕನ್ನಡದ ಮಾತು ಬರೆಯಬೇಕಾದ ಕ್ರಮದಲ್ಲಿಯೇ ಇದೆ. ಇಂಗ್ಲಿಷಿನಲ್ಲಿ 15 ಮೊದಲು ಬರುವುದರಿಂದ ಆ ಮಾಧ್ಯಮದ ಮಕ್ಕಳು 15 − 2ಕ ಎಂದು ಬರೆದುಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನಿಜವಾದ ತೊಡಕು ಆವರಣದಲ್ಲಿದೆ. ‘ಒಂದು ಕೋನದ ಪರಿಪೂರಕವು ಅದರ ಪೂರಕದ ಮೂರರಷ್ಟು’ ಎಂಬ ಲೆಕ್ಕಕ್ಕೆ ಒಬ್ಬ ಹುಡುಗಿ ಬೋರ್ಡಿನ ಮೇಲೆ 180 − ಕ = 3(90 − ಕ) ಎಂದು ಸರಿಯಾಗಿಯೇ ಬರೆದು, ಮುಂದಿನ ಸಾಲಿನಲ್ಲಿ ಮೂರನ್ನು 90ಕ್ಕೆ ಮಾತ್ರ ಗುಣಿಸಿ, ಕೊನೆಗೆ 180 = 270 ಎಂಬಲ್ಲಿಗೆ ತಲುಪಿ, ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಳು. ನಾನು ಅದನ್ನು ಅಳಿಸಲಿಲ್ಲ. ತಪ್ಪು ಯಾವ ಸಾಲಿನಲ್ಲಿ ನುಸುಳಿತೆಂದು ಎಲ್ಲರೂ ಹುಡುಕಿ, ಬಲಬದಿಯನ್ನು 270 − 3ಕ ಎಂದು ತಿದ್ದಿದ ಮೇಲೆ 2ಕ = 90, ಕ = 45 ಎಂದು ಬಂತು.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಪರಿಪೂರಕ ಯಾವಾಗಲೂ ಪೂರಕಕ್ಕಿಂತ 90 ಜಾಸ್ತಿ ಅಲ್ವಾ? ಹಾಗಾದರೆ ಪೂರಕದ ಎರಡರಷ್ಟೇ 90 ಆಯ್ತು” ಎಂದ. ಇಷ್ಟು ವರ್ಷ ಕಲಿಸಿಯೂ ಅದು ನನಗೆ ಹೊಳೆದಿರಲಿಲ್ಲ. ಮರುದಿನ ‘ಮೂರರಷ್ಟು’ ಎಂಬುದನ್ನು ‘ನಾಲ್ಕರಷ್ಟು’ ಎಂದು ಬದಲಿಸಿ ಕೊಟ್ಟೆ. ನಾನು ಆವರಣ ಬಿಡಿಸಿ ಮುಗಿಸುವ ಮೊದಲೇ ಅವನು 60 ಎಂದಿದ್ದ.